ಐದು ಮುಖದ ಅಳತೆಗೋಲು

ಮಿರಜ ಬಹಳ ಕಂಡ ಊರು. ಮುತ್ತಿಗೆ ಕಂಡಿದೆ, ಪ್ಲೇಗು ಕಂಡಿದೆ, ಕೃಷ್ಣೆಯ ಮಹಾಪೂರ ಕಂಡಿದೆ, ರೈಲುಹಳಿಗಳ ಅಗಲ ಬದಲಾದದ್ದನ್ನೂ ಕಂಡಿದೆ. ಆದರೆ ಕಳೆದ ಚಳಿಗಾಲದಲ್ಲಿ ಮಾತೋಶ್ರೀ ಚಂದ್ರಾಬಾಯಿ ಬಾಲವಿಕಾಸ ಕೇಂದ್ರದ ಆಡಳಿತ ಮಂಡಳಿಯ ಮುಂದೆ ಬಂದ ಪ್ರಶ್ನೆಯಷ್ಟು ಗಹನವಾದದ್ದು ಈ ಊರಿಗೆ ಹಿಂದೆಂದೂ ಬಂದಂತಿಲ್ಲ. ಪ್ರಶ್ನೆ ಇಷ್ಟೇ: ಮೂರನೆಯ ಮುಖದ ತುಟಿ ನೆಟ್ಟಗಿರಬೇಕೋ, ತುಸು ಮೇಲಕ್ಕೆ ಬಾಗಿರಬೇಕೋ?

ಮುಖಗಳು ಐದಿದ್ದವು. ಮೊದಲನೆಯದು ಕಣ್ಣೀರು ಸುರಿಸುತ್ತಿತ್ತು, ಐದನೆಯದು ಹಲ್ಲು ಕಿರಿಯುತ್ತಿತ್ತು, ಉಳಿದವು ಈ ಎರಡರ ನಡುವೆ ಹೇಗೋ ಸಂಸಾರ ಮಾಡಿಕೊಂಡಿದ್ದವು. ಪುಣೆಯಿಂದ ಬಂದಿದ್ದ ಸಲಹೆಗಾರ ಪಂಕಜ ಅವನ್ನು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿ, ಅಂಗವಿಕಲ ಮಕ್ಕಳಿಗೆ ಕೇಂದ್ರ ಕೊಡುತ್ತಿರುವ ಸೇವೆಯ ಬಗ್ಗೆ ತಾಯಿತಂದೆಯರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಇವುಗಳಿಂದ ದಶಾಂಶದವರೆಗೆ ಅಳೆಯಬಹುದೆಂದು ತಿಳಿಸಿದ. ಪಂಕಜನ ಮನೆತನ ಇಲ್ಲೇ ಮಾಧವನಗರದ್ದು. ಅವನ ಅಜ್ಜಿ ಕನ್ನಡದಲ್ಲಿ ಬೈಯುತ್ತಾಳೆ, ಅವನು ಮರಾಠಿಯಲ್ಲಿ ಉತ್ತರ ಕೊಡುತ್ತಾನೆ, ಪಗಾರ ಇಂಗ್ಲಿಷಿನಲ್ಲಿ ಬರುತ್ತದೆ.

ಅಧ್ಯಕ್ಷ ಬಾಪೂಸಾಹೇಬರು ಸಾಂಗಲಿಯ ಅರಿಷಿಣ ವ್ಯಾಪಾರಿ. ಕೇಂದ್ರಕ್ಕೆ ಅವರ ತಾಯಿಯ ಹೆಸರು, ಮುಂಬಾಗಿಲಿನ ಇಳಿಜಾರಿಗೆ ಅವರದೇ ಹೆಸರು. ಅವರು ಮೂರನೆಯ ಮುಖವನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು.

"ಇದು ನಮ್ಮ ಬೀಗರಂಗ ಕಾಣಾಕತ್ತೈತಿ. ಊಟಕ್ಕ ಕರದ್ರೂ ಹಿಂಗ, ಕರೀಲಿಲ್ಲಂದ್ರೂ ಹಿಂಗ."

"ಅದು ನ್ಯೂಟ್ರಲ್, ಕಾಕಾ," ಎಂದ ಪಂಕಜ, ಕನ್ನಡ ಹುಡುಕಾಡುತ್ತ. "ಛಲೋನೂ ಅಲ್ಲ, ಕೆಟ್ಟೂ ಅಲ್ಲ."

"ಹಂಗ ಯಾರ ಇರತಾರೋ ತಮ್ಮಾ, ನಮ್ಮ ಕಡೆ?"

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಒಬ್ಬ ಸದಸ್ಯರು ಆ ಮುಖಕ್ಕೆ ಮೀಸೆ ಬಿಡಿಸಿದರೆ ಗಾಂಭೀರ್ಯ ಬರುತ್ತದೆಂದರು. ಇನ್ನೊಬ್ಬರು, ಬರುವವರೆಲ್ಲ ತಾಯಂದಿರು, ಅವರಿಗೆ ಮೀಸೆ ತೋರಿಸುವುದು ಸರಿಯಲ್ಲವೆಂದರು. ಚಹಾ ಎರಡನೆಯ ಸಲ ಬಂತು. ಕೊನೆಗೆ ತುಟಿ ನೆಟ್ಟಗಿರಲಿ, ಹುಬ್ಬು ಮಾತ್ರ ಸ್ವಲ್ಪ ಪ್ರಸನ್ನವಾಗಿರಲಿ ಎಂದು ಸರ್ವಾನುಮತದಿಂದ ಠರಾವಾಯಿತು. ಇಳಿಜಾರು ಇಷ್ಟು ಕಡಿದೇಕೆ, ಗಾಲಿಕುರ್ಚಿಯನ್ನೂ ಅದರಲ್ಲಿ ಕೂರಬೇಕಾದ ಮಗುವನ್ನೂ ಬೇರೆಬೇರೆಯಾಗಿ ಎತ್ತಿ ಒಯ್ಯಬೇಕಾಗುತ್ತದೆಯಲ್ಲ ಎಂಬ ವಿಷಯವೂ ಆ ದಿನದ ಕಾರ್ಯಸೂಚಿಯಲ್ಲಿತ್ತು. ಹೊತ್ತು ಸಾಲಲಿಲ್ಲ.

ಇಷ್ಟೆಲ್ಲ ಉಪಚಾರ ಯಾಕೆಂದರೆ, ಕೇಂದ್ರವನ್ನು ಸಾಕುತ್ತಿದ್ದ ಮುಂಬಯಿಯ ಕಂಪನಿ ಈ ಅಳತೆಯನ್ನು ನೋಡಿ ಯಾವ ವರ್ಗ ಇರಬೇಕು, ಯಾವುದು ಮುಚ್ಚಬೇಕು ಎಂದು ತೀರ್ಮಾನಿಸುವುದಿತ್ತು. ಅಪಾಯವಿದ್ದದ್ದು ಹಿಂದಿನ ಖೋಲಿಯ ನಡಿಗೆ ವರ್ಗಕ್ಕೆ. ಅಲ್ಲಿ ವೃಷಾಲಿ ಎಂಬ ಹುಡುಗಿ ಎರಡು ಕಬ್ಬಿಣದ ಪೈಪು, ಒಂದು ನಿಲುವುಗನ್ನಡಿ, ಒಂದು ಡಬ್ಬಿ ಬಿಸ್ಕೀಟು ಇಟ್ಟುಕೊಂಡು ಮಕ್ಕಳಿಗೆ ನಡೆಯಲು ಕಲಿಸುತ್ತಿದ್ದಳು. ಬಿಸ್ಕೀಟು ಯಾವಾಗಲೂ ಪೈಪಿನ ಆಚೆ ತುದಿಗಿರುತ್ತಿತ್ತು. ಮರಾಠಿ ಮಾತಾಡುವ ವೃಷಾಲಿಗೆ ಬರುವ ಕನ್ನಡವೆಲ್ಲ ಅಲ್ಲಿಗೆ ಬರುವ ತಾಯಂದಿರಿಂದ ಕಲಿತದ್ದು. ಹೀಗಾಗಿ ಬೈಗುಳದಲ್ಲಿ ನಿರರ್ಗಳ, ಉಳಿದದ್ದರಲ್ಲಿ ಸಾಧಾರಣ.

ಆ ತಾಯಂದಿರಲ್ಲಿ ಕಾಂಚನ ಒಬ್ಬಳು, ಮಿರಜ ಬಜಾರದ ಒಂದು ಪಾತ್ರೆ ಅಂಗಡಿಯ ಸೊಸೆ. ಅವಳ ಮಗ ಓಂಕಾರನಿಗೆ ಹುಟ್ಟಿದಾಗಿನಿಂದ ಕಾಲು ಸೆಟೆದುಕೊಂಡಿದ್ದವು. ವೃಷಾಲಿ ಬರುವ ತನಕ ಅವನು ಜಗತ್ತನ್ನು ನೋಡಿದ್ದೆಲ್ಲ ಅಜ್ಜಿ ನೀಲಾಬಾಯಿಯ ಸೊಂಟದಿಂದ. ಈಗ ನಾಲ್ಕು ಕಾಲಿನ ಹಿಡಿಗಂಬಿ ಹಿಡಿದು, ಖೋಲಿಯ ಬಾಗಿಲಿನಿಂದ ಅಂಗಳದ ನಳದ ತನಕ, ನಡುವೆ ಒಮ್ಮೆ ಕುಂತು ಸುಧಾರಿಸಿಕೊಂಡು, ನಡೆಯುತ್ತಿದ್ದ. ಓಣಿಯ ಖಾಸಗಿ ಶಾಲೆಯ ಮುಖ್ಯಾಧ್ಯಾಪಕಿ, ಹುಡುಗ ಬಾಗಿಲಿನಿಂದ ಬೆಂಚಿನ ತನಕ ತಾನೇ ಬಂದರೆ ಜೂನದಲ್ಲಿ ಸೇರಿಸಿಕೊಳ್ಳುತ್ತೇನೆ ಎಂದಿದ್ದರು. ಕಾಯದೆಯ ಪ್ರಕಾರ ಅವರು ಹಾಗೆ ಹೇಳುವಂತಿರಲಿಲ್ಲ. ಆದರೆ ಕಾಯದೆ ದಿಲ್ಲಿಯಲ್ಲಿತ್ತು, ಅವರು ಬಾಗಿಲಲ್ಲಿ ನಿಂತಿದ್ದರು. ಬೆಂಚು ನಳಕ್ಕಿಂತ ದೂರ, ನಡುವೆ ಒಂದು ಹೊಸ್ತಿಲು ಬೇರೆ. ವರ್ಗ ಬೇಸಿಗೆಯ ತನಕ ನಡೆದರೆ ಓಂಕಾರ ಹೊಸ್ತಿಲು ದಾಟುತ್ತಾನೆ, ನಿಂತರೆ ಇಲ್ಲ ಎಂದು ವೃಷಾಲಿ ಹೇಳಿದ್ದಳು. ಕಾಂಚನಳ ಜೀವವೆಲ್ಲ ಆ ಹೊಸ್ತಿಲ ಮೇಲಿತ್ತು.

ಇನ್ನು ಅಳತೆಗೆ ಬರುವ ಮೊದಲು, ಅಳತೆಗೋಲಿಗೆ ಗೊತ್ತಿಲ್ಲದೆ ಉಳಿದ ಎರಡು ನಿಯಮಗಳನ್ನು ಹೇಳಬೇಕು. ಈ ಕಡೆಯ ನಮ್ಮ ಮನೆಗಳಲ್ಲಿ, ಜೈನರಿರಲಿ ಲಿಂಗಾಯತರಿರಲಿ, ಮಾತು ಕಲಿಯುವ ಮೊದಲೇ ಇವನ್ನು ಕಲಿಯುತ್ತಾರೆ. ಒಂದು, ಉಂಡ ಮನೆಗೆ ಹೆಸರಿಡಬಾರದು, ಅಂದರೆ ಕೊಂಕು ತೆಗೆಯಬಾರದು. ಚಹಾ ಕುಡಿದ ಮೇಲಂತೂ ಕಪ್ಪಿನಲ್ಲಿ ನೊಣ ಸಿಕ್ಕಿದರೂ ಸಕ್ಕರೆ ಹದವಾಗಿತ್ತು ಎನ್ನಬೇಕು. ಎರಡು, ತನ್ನದು ಚೆನ್ನಾಗಿದೆ ಎಂದು ಬಾಯಿ ಬಿಟ್ಟು ಹೇಳಬಾರದು, ನೆದರಾಗುತ್ತದೆ, ಕೆಟ್ಟ ದೃಷ್ಟಿ ತಾಗುತ್ತದೆ. ಮಿರಜ ಬಜಾರದಲ್ಲಿ ಈ ತನಕ ಯಾರಿಗೂ ವ್ಯಾಪಾರ ಚೆನ್ನಾಗಿ ಆಗಿಲ್ಲ. ಅಂಗಡಿಯ ಮೇಲೆ ಮತ್ತೊಂದು ಮಜಲು ಏರಿಸುತ್ತಿರುವವನನ್ನು ಕೇಳಿ ನೋಡಿ: "ಏನ ಧಂದಾ ಬಿಡ್ರಿ, ಜೀವಂತ ಅದೇವಿ." ಬಾಗಿಲಲ್ಲಿ ಹಿಡಿಸದಷ್ಟು ಬೆಳೆದ ಮಗನ ತಾಯಿ: "ಏನೂ ತಿನ್ನಂಗಿಲ್ರಿ ಅಂವಾ." ಹೀಗಿರುವಾಗ, ನಡೆಯಲಾರದ ಮಗು ನಡೆಯಲು ಸುರು ಮಾಡಿದರೆ ಆ ಮಾತನ್ನು ಯಾರಾದರೂ ನಾಲಗೆಯ ಮೇಲೆ ತರುತ್ತಾರೆಯೆ? ಪಂಕಜನ ಅಜ್ಜಿಗೆ ಇದೆಲ್ಲ ಗೊತ್ತಿತ್ತು. ಅವಳನ್ನು ತಜ್ಞರ ಸಮಿತಿಗೆ ತೆಗೆದುಕೊಂಡಿರಲಿಲ್ಲ.

ಅಳತೆಯ ದಿನ ಅಂಗಳದಲ್ಲಿ ಪೆಂಡಾಲು ಹಾಕಿಸಿ, ಬಂದವರಿಗೆಲ್ಲ ಮೊದಲು ಅವಲಕ್ಕಿ, ಮೇಲೆ ಚಹಾ ಕೊಟ್ಟರು. ಪಾಲಕರ ಮನಸ್ಸು ಬಿಚ್ಚಿಕೊಳ್ಳಲಿ ಎಂದು ಪಂಕಜನೇ ಸೂಚಿಸಿದ್ದ ಉಪಾಯ. ಅಲ್ಲಿಗೆ ಮೊದಲನೆಯ ನಿಯಮ ಜಾರಿಗೆ ಬಂತು.

ಮೊದಲು ಕುಂತವಳು ಹರಿಪುರದ ತ್ರಿಶಲಾ. ಅವಳ ಮಗ ಹರ್ಷದನಿಗೆ ಒಂದು ಮಗ್ಗುಲು ಬಲವಿರಲಿಲ್ಲ. ಈಗ ವಾಲಿಕೊಂಡೇ ಓಡುತ್ತಾನೆ. ಪಂಕಜ ಟ್ಯಾಬ್ ತೆರೆದು ಮುಖಗಳನ್ನು ಅವಳ ಮುಂದೆ ಹಿಡಿದ.

"ಮಾವಶಿ, ಇಲ್ಲಿಯ ಸೇವೆ ಹ್ಯಾಂಗ ಅನಸ್ತದ?"

"ಛಲೋ ಐತ್ರಿ."

"ಇಳಿಜಾರು?"

"ಭಾಳ ಛಲೋ ಐತ್ರಿ. ಅಮೃತಶಿಲಾದಾಗ ಹೆಸರ ಕೆತ್ತ್ಯಾರ."

"ಶೌಚಾಲಯ?"

"ಛಲೋನ ಇರಬೇಕ್ರಿ. ಯಾವಾಗ್ಲೂ ಕೀಲಿ ಹಾಕಿರತಾರ. ಕೀಲಿ ಮಾತ್ರ ಗಟ್ಟಿ ಐತಿ."

ಪಂಕಜ ಮೂರಕ್ಕೂ ಐದನೆಯ ಮುಖ ಒತ್ತಿದ. "ಇಲ್ಲಿ ಬರಾಕತ್ತ ಮ್ಯಾಲ ಹುಡುಗ ಸುಧಾರಿಸ್ಯಾನ?"

ತ್ರಿಶಲಾ ಸೆರಗು ಎಳೆದುಕೊಂಡು, ಆಚೀಚೆ ನೋಡಿ, ಧ್ವನಿ ಇಳಿಸಿದಳು. "ಎಲ್ಲೀ ಸುಧಾರಣಾ ಸಾಹೇಬರ. ಹಂಗ ಅದಾನ. ದೇವರ ಇಟ್ಟಂಗ."

ಅಷ್ಟರಲ್ಲಿ ಹರ್ಷದ ಯಾರದೋ ಟೋಪಿ ಕಸಿದುಕೊಂಡು ಇಬ್ಬರ ನಡುವಿನಿಂದ ಓಡಿಹೋದ. ಪಂಕಜ ಟ್ಯಾಬನ್ನು ಬೀಳದಂತೆ ಎತ್ತಿ ಹಿಡಿದು, ಅವನು ದಾಟಿದ ಮೇಲೆ ಮೊದಲನೆಯ ಮುಖ, ಅಳುವ ಮುಖ, ಒತ್ತಿದ. ಕಣ್ಣಾರೆ ನೋಡಿದ್ದನ್ನು ಬರೆಯುವ ಅವಕಾಶ ಆ ವಿಧಾನದಲ್ಲಿರಲಿಲ್ಲ. ಅಳೆಯುತ್ತಿದ್ದುದು ಪಾಲಕರ ಅಭಿಪ್ರಾಯವನ್ನು; ಮಕ್ಕಳನ್ನಲ್ಲ.

ಕಾಂಚನಳ ಸರದಿ ಬಂದಾಗ ನೀಲಾಬಾಯಿ ಸೊಸೆಯ ಪಕ್ಕದಲ್ಲೇ ಕುಂತು, ಅವಳ ತೊಡೆಯ ಮೇಲೆ ಕೈ ಇಟ್ಟಿದ್ದರು. ಕಾಂಚನ ಬಾಯಿ ತೆರೆದಾಗಲೆಲ್ಲ ಆ ಕೈ ಚಿವುಟುತ್ತಿತ್ತು. ಉತ್ತರ ಅಜ್ಜಿಯದೇ.

"ಇಳಿಜಾರು ಛಲೋ. ಅವಲಕ್ಕಿ ಛಲೋ. ನೀನೂ ಛಲೋ ಅದಿ, ಸ್ವಲ್ಪ ಉಣ್ಣಬೇಕು. ಹುಡುಗಂದು ಏನ ಕೇಳತಿ ತಮ್ಮಾ, ಏನೂ ಇಲ್ಲ, ಎಲ್ಲಿ ಇಟ್ಟರ ಅಲ್ಲಿ."

ಎಲ್ಲಿಯೋ ಇಟ್ಟಿದ್ದ ಹುಡುಗ ಹಿಡಿಗಂಬಿ ಟಕಟಕ ಊರುತ್ತ ಮೇಜಿನ ಹತ್ತಿರ ಬಂದ. ಅಲ್ಲಿ ಬಿಸ್ಕೀಟಿನ ಬಟ್ಟಲಿತ್ತು. ಪಂಕಜ ಸಭ್ಯ ಮನುಷ್ಯ, ಕುರ್ಚಿ ಸರಿಸಿ ದಾರಿ ಕೊಟ್ಟ. ಆಮೇಲೆ ಅಳುವ ಮುಖ ಒತ್ತಿದ.

ಫಲಿತಾಂಶದ ಸಭೆಯಲ್ಲಿ ಗೋಡೆಯ ಮೇಲೆ ಎರಡು ಕಂಬ ಮೂಡಿದವು. ಸೇವೆಯ ಬಗ್ಗೆ ಪಾಲಕರ ತೃಪ್ತಿ ಎಂಬ ಕಂಬ ಛಾವಣಿಗೆ ಹತ್ತುವಷ್ಟು ಎತ್ತರ; ಮಕ್ಕಳ ಪ್ರಗತಿ ಎಂಬುದು ನೆಲಕ್ಕೆ ಅಂಟಿಕೊಂಡಿತ್ತು. ಮಂಡಳಿ ಅಷ್ಟು ಚರ್ಚಿಸಿ ಹುಬ್ಬು ತಿದ್ದಿಸಿದ್ದ ಮೂರನೆಯ ಮುಖವನ್ನು ಯಾರೊಬ್ಬರೂ ಮುಟ್ಟಿರಲಿಲ್ಲ. ಪಂಕಜ ನಿರ್ಣಯ ಓದಿದ: ಸೇವೆ ಸರ್ವೋತ್ತಮವಾಗಿದೆ, ಮಕ್ಕಳಿಂದ ಅದಕ್ಕೆ ತಕ್ಕ ಸಹಕಾರ ಸಿಗುತ್ತಿಲ್ಲ.

ಬಾಪೂಸಾಹೇಬರು ನಿಟ್ಟುಸಿರು ಬಿಟ್ಟರು. "ಅಂದ್ರ ನಮ್ಮ ಕಡೆಯಿಂದ ತಪ್ಪ ಏನೂ ಇಲ್ಲ."

"ಏನೂ ಇಲ್ಲ, ಕಾಕಾ." ಶಿಫಾರಸು ಕೂಡ ಸರಳವಾಗಿತ್ತು. ಎಲ್ಲರೂ ಮೆಚ್ಚಿದ ಇಳಿಜಾರಿನಂಥದೇ ಇನ್ನೊಂದನ್ನು ಹಿಂಬಾಗಿಲಿಗೂ ಕಟ್ಟುವುದು, ಯಾರಿಗೂ ಗುಣ ಕೊಡದ ನಡಿಗೆ ವರ್ಗವನ್ನು ಮುಚ್ಚುವುದು.

ಗೋಡೆಗೆ ಒರಗಿ ನಿಂತಿದ್ದ ವೃಷಾಲಿ ಮುಂದೆ ಬಂದಳು. "ಬಾಪೂಸಾಹೇಬ, ಈ ವರ್ಷ ಅರಿಷಿಣದ ಧಂದಾ ಹ್ಯಾಂಗ ಐತ್ರಿ?"

"ಏನ ಧಂದಾ ತಂಗಿ, ಬಿಡ. ಜೀವಾ ಹಿಡಕೊಂಡ ಕುಂತೇವಿ." ಮಾತು ತಾನಾಗಿ ಬಂತು. ಹೊರಗೆ ಅವರ ಹೊಸ ಕಾರು ನಿಂತಿತ್ತು, ಪೂಜೆಯ ಚೆಂಡುಹೂವಿನ ಮಾಲೆ ಇನ್ನೂ ಬಾಡಿರಲಿಲ್ಲ.

ವೃಷಾಲಿ ಪಂಕಜನ ಕೈಯಿಂದ ಟ್ಯಾಬ್ ತೆಗೆದುಕೊಂಡು ಅಳುವ ಮುಖ ಒತ್ತಿದಳು. "ಕಂಪನಿಗೆ ಬರೀ. ಬಾಪೂಸಾಹೇಬರ ಅಂಗಡಿ ಮುಚ್ಚಬೇಕು."

ಸಭೆ ನಕ್ಕಿತು. ಬಾಪೂಸಾಹೇಬರೂ ನಕ್ಕರು, ಸ್ವಲ್ಪ ತಡವಾಗಿ. "ಅದು ಬ್ಯಾರೆ ಮಾತವ್ವಾ. ನಾವು ಹಂಗ ಅಂತೇವಿ, ಅಷ್ಟ."

"ಅವರೂ ಹಂಗ ಅಂತಾರ, ಅಷ್ಟ."

ಅರಿಷಿಣದವರಿಗೆ ಲೆಕ್ಕ ಹೊಳೆಯಿತು. ಅದು ಅವರ ಮುಖದಲ್ಲೇ ಕಂಡಿತು, ಸುಮಾರು ನಾಲ್ಕನೆಯ ಮುಖದಲ್ಲಿ. ಆದರೆ ಹಿಂಬಾಗಿಲ ಇಳಿಜಾರಿಗೆ ಯಾರ ಹೆಸರಿಡುವುದೆಂದು ಆಗಲೇ ಒಂದು ಯೋಚನೆ ಬಂದಿತ್ತು. ಅವರು ಪಂಕಜನನ್ನು ನೋಡಿದರು. ಪಂಕಜ, ಉತ್ತರ ತಿದ್ದಲು ಶನಿವಾರದ ತನಕ ಅವಕಾಶವಿದೆ ಎಂದ. ಆದರೆ ತಾಯಿ ಸ್ವತಃ ಬರಬೇಕು, ಸ್ವಂತ ಬಾಯಿಂದ ಹೇಳಬೇಕು, ವೃಷಾಲಿ ಆ ಖೋಲಿಯಲ್ಲಿ ಇರಬಾರದು. ಇದ್ದರೆ ಉತ್ತರದ ಮೇಲೆ ಪ್ರಭಾವ ಬೀಳುತ್ತದೆ. ಅವಲಕ್ಕಿಯ ಪ್ರಭಾವದ ಬಗ್ಗೆ ವಿಧಾನ ಮೌನವಾಗಿತ್ತು.

ವೃಷಾಲಿ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಹಿಡಿದಳು. ತನಗೆ ಬರುವ ಕನ್ನಡವನ್ನೆಲ್ಲ, ಅಂದರೆ ಬೈಗುಳವನ್ನೆಲ್ಲ, ಬಳಸಿದಳು.

"ನಮ್ಮವ್ವಾ, ನಿನ್ನ ವರ್ಗ ನಡೀಲಿ ಅಂತ ಬಸದಿಗೆ ಹೋಗಿ ದೇವರಿಗೆ ಹೇಳತೇನಿ," ಎಂದಳು ತ್ರಿಶಲಾ. "ಆ ಟ್ಯಾಬಿನ ಹುಡುಗಗ ಮಾತ್ರ ಹೇಳೂದಿಲ್ಲ. ನನ್ನ ಮಗ ಓಡತಾನ ಅಂತ ನಾನ ಅಂದ್ರ, ನಾಳೆ ಓಡಾವರು ಯಾರು?"

"ಇಷ್ಟ ದಿನಾ ಓಡಿಸಿದಾಕಿ ನಾನು! ದೇವರಲ್ಲ!"

"ಅದನ್ನೂ ಜೋರ ಅನಬ್ಯಾಡ. ನಿನಗೂ ನೆದರಾಗತೈತಿ."

ಬರುತ್ತೇನೆಂದವಳು ಕಾಂಚನ ಒಬ್ಬಳೇ. ಹಾಗೆಂದು ಮನೆಗೆ ಹೋಗಿ ಅತ್ತೆಯ ಮುಂದೆ ನಿಂತಳು. ನೀಲಾಬಾಯಿ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು.

"ಹೇಳತೇನ್ರಿ, ಅತ್ತಿ. ಅಂವಾ ನಡೀತಾನ ಅಂತ ಹೇಳತೇನಿ."

"ಹೇಳ. ಊರ ತುಂಬ ಡಂಗುರಾ ಸಾರ. ಹಿಂದ ಅಂವಾ ತಾನ ಎದ್ದ ಕುಂತಾಗ ನಾನೂ ಹೇಳಿದ್ದೆ, ಒಂದ ಲಗ್ನದಾಗ, ಬಾಯಿ ತಡೀಲಾರದ. ಮರದಿನಾ ಜ್ವರಾ. ಮರತೀ?"

"ಆ ಲಗ್ನದಾಗ ಐಸ್‌ಕ್ರೀಮ ಎಷ್ಟ ತಿಂದಿದ್ದ, ಅದನ್ನೂ ನೆನಪ ಮಾಡ್ರಿ."

"ಶ್ಯಾಣ್ಯಾಕಿ ಬಂದ್ಳು. ಹೇಳಿದಿ ಅಂದ್ರ ಹುಡುಗ ಮತ್ತ ಮನಿ ಹಿಡೀತಾನ. ಬರದ ಇಟಗೋ."

"ಹೇಳಲಿಲ್ಲಂದ್ರೂ ಮನಿ ಹಿಡೀತಾನ್ರಿ. ವರ್ಗ ಮುಚ್ಚತೈತಿ."

ನೀಲಾಬಾಯಿ ಮತ್ತೊಂದು ಹಿಡಿ ಶೇಂಗಾ ಎಳೆದುಕೊಂಡರು. ಶೇಂಗಾದ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಆಗುತ್ತಿತ್ತು. ಓಂಕಾರ ಹೊಸ್ತಿಲ ಈಚೆ ಹಿಡಿಗಂಬಿ ಊರಿ ನಿಂತು, ಒಂದು ಕಾಲು ಎತ್ತಿ, ಯೋಚನೆ ಮಾಡಿ, ಮತ್ತೆ ಇಳಿಸಿದ.

"ನಾನೂ ಬರತೇನಿ," ಎಂದರು ನೀಲಾಬಾಯಿ. "ಉಪ್ಪು ಮೆಣಸಿನಕಾಯಿ ತಗೊಂಡ ಬರತೇನಿ. ನೀ ಹೇಳ, ನಾ ನೆದರ ತಗೀತೇನಿ."

ಶನಿವಾರ ಅತ್ತೆ ಸೊಸೆ ಇಬ್ಬರೂ ಓಂಕಾರನನ್ನು ಕರೆದುಕೊಂಡು ಬಂದು ಪಂಕಜನ ಮುಂದೆ ಕುಂತರು. ಚಹಾ ಬಂತು, ಕಾಂಚನ ಕಪ್ಪು ಮುಟ್ಟಲಿಲ್ಲ. ಇಷ್ಟನ್ನಾದರೂ ಅವಳು ಯೋಚಿಸಿಕೊಂಡು ಬಂದಿದ್ದಳು.

"ನಮ್ಮ ಓಂಕಾರ ನಡೀತಾನ್ರಿ," ಎಂದಳು. ಹೇಳಿದ ಕೂಡಲೆ ಅವಳಿಗೇ ಭಯವಾಗಿ ನಿಂತಳು, ಆಮೇಲೆ ಒಂದೇ ಉಸಿರಿಗೆ ಮುಗಿಸಿದಳು. "ಗಂಬಿ ಹಿಡಕೊಂಡ ನಡೀತಾನ. ನಳದ ತನಕ ಹೋಗತಾನ, ನಡುವ ಕುಂಡ್ರತಾನ. ಹೊಸ್ತಿಲಾ ಇನ್ನೂ ದಾಟೂದಿಲ್ಲ. ಬೆಂಚಿನ ತನಕ ಹೋಗಾಕ ಇನ್ನೂ ಕಲೀಬೇಕು. ಅದಕ್ಕ ಆ ವರ್ಗ ಬೇಕ್ರಿ."

ಆ ವರ್ಷ ಆ ಕೇಂದ್ರದಲ್ಲಿ ಯಾರಾದರೂ ಆಡಿದ ಅತ್ಯಂತ ನಿಖರವಾದ ಮಾತು ಇದು. ಪಂಕಜ ಸಹಾನುಭೂತಿಯಿಂದ ತಲೆಯಾಡಿಸಿದ.

"ಇಷ್ಟೆಲ್ಲ ಬರಿಯಾಕ ಜಾಗಾ ಇಲ್ಲ, ವಹಿನಿ. ಯಾವ ಮುಖ, ಅಷ್ಟ ಹೇಳ್ರಿ."

ಕಾಂಚನ ಮುಖಗಳನ್ನು ನೋಡಿದಳು. ಅವಳು ಹೇಳಿದ್ದಕ್ಕೆ ಸರಿಹೊಂದುವ ಮುಖ ಅಲ್ಲೇ ನಡುವೆ, ಪ್ರಸನ್ನ ಹುಬ್ಬಿನದು, ಅವಳಿಗಾಗಿ ಕಾಯುತ್ತಿತ್ತು. ಆದರೆ ಅವಳು ಬಜಾರದ ಸೊಸೆ. ಚೌಕಾಶಿಯಲ್ಲಿ ಮೊದಲ ಮಾತು ಜೋರಾಗಿರಬೇಕು, ನಡುವಿನ ಬೆಲೆಗೆ ಎದುರಿನವರು ತಾವಾಗಿಯೇ ಎಳೆಯುತ್ತಾರೆ. ನಡುವಿನಿಂದಲೇ ಸುರು ಮಾಡಿದವನು ತಳಕ್ಕೆ ಹೋಗುತ್ತಾನೆ. ಒಂದು ಸ್ಟೀಲು ಹಂಡೆಯ ವ್ಯಾಪಾರಕ್ಕೂ ಹೊಂದುವ ಈ ತತ್ವ ಮಗನ ಕಾಲಿಗೆ ಯಾಕೆ ಹೊಂದಬಾರದು?

"ಎಲ್ಲಾಕ್ಕಿಂತ ಜೋರಂದು ಯಾವದ್ರಿ?"

"ಐದನೇದು. ಪೂರ್ತಿ ಸುಧಾರಣೆ."

"ಅದ ಒತ್ರಿ."

ಒತ್ತಿದ. ಅವನು ಕೆಳಗೆ ಎಳೆಯಲಿ ಎಂದು ಅವಳು ಕಾಯುತ್ತ ಕುಂತಳು. ಅವನು ಎಳೆಯಲಿಲ್ಲ. ಧನ್ಯವಾದ ಹೇಳಿ ಟ್ಯಾಬ್ ಮಡಚಿದ.

ನೀಲಾಬಾಯಿ ತಡಮಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ಮೆಣಸಿನಕಾಯಿ ಉಪ್ಪನ್ನು ಮೊಮ್ಮಗನಿಗೆ ಇಳಿಸಿ ತೆಗೆದರು. ಒಂದು ಕ್ಷಣ ಅನುಮಾನಿಸಿ ಟ್ಯಾಬಿಗೂ ಇಳಿಸಿದರು. ಆಮೇಲೆ ಅಡಿಗೆಕೋಣೆಗೆ ಹೋಗಿ ಗ್ಯಾಸಿನ ಉರಿಗೆ ಹಾಕಿದರು. ಕೇಂದ್ರವೆಲ್ಲ ಕೆಮ್ಮಿತು, ಪಂಕಜ ಕಣ್ಣೊರೆಸಿಕೊಳ್ಳುತ್ತ ಅಂಗಳಕ್ಕೆ ಓಡಿ ಬಂದ, ಥೇಟು ಮೊದಲನೆಯ ಮುಖ.

"ಉಪ್ಪು ಭಾಳ ಚಟಪಟ ಅಂತು," ಎಂದರು ನೀಲಾಬಾಯಿ, ಚಿಂತೆಯಿಂದ. "ನೆದರ ದೊಡ್ಡದ ಇತ್ತು."

ಕಂಪನಿಯ ತೀರ್ಮಾನ ಹೋಳಿಯ ಮುಂದೆ ಬಂತು. ಗುಣ ಕಾಣದ ಮಕ್ಕಳಿಗೆ ನಡಿಗೆ ವರ್ಗದಿಂದ ಉಪಯೋಗವಿಲ್ಲ. ಒಂದು ಮಗು ಪೂರ್ತಿ ಸುಧಾರಿಸಿದೆ ಎಂದು ತಾಯಿಯೇ ಖಾತ್ರಿ ಮಾಡಿದ್ದಾಳೆ. ಆ ಮಗುವಿಗೆ ಇನ್ನು ವರ್ಗದ ಅವಶ್ಯಕತೆಯಿಲ್ಲ. ಎರಡೂ ಕಾರಣಗಳಿಂದ ವರ್ಗ ಮುಚ್ಚತಕ್ಕದ್ದು. ಬಾಪೂಸಾಹೇಬರು ಓಂಕಾರನಿಗೆ ಶಾಲು ಹೊದಿಸಿ, ಪೂರ್ಣ ಪ್ರಗತಿಯ ಪ್ರಮಾಣಪತ್ರ ಕೊಟ್ಟರು. ಫೋಟೋ ಇಳಿಜಾರಿನ ಮೇಲೆ ಆಗಲಿ ಎಂದರು. ಅಲ್ಲಿ ಅವನಿಗೆ ನಿಲ್ಲಲಾಗದ್ದರಿಂದ ಪಂಕಜ ಎತ್ತಿಕೊಂಡ.

ಕಾಂಚನ ಆ ಪತ್ರ ಹಿಡಿದು, ಇಂಥದೇ ವರ್ಗವಿದ್ದ ಇನ್ನೊಂದು ಸಂಸ್ಥೆಗೆ ಹೋದಳು. ಪೂರ್ತಿ ಸುಧಾರಿಸಿದ ಮಗುವನ್ನು ಸೇರಿಸಿಕೊಳ್ಳಲು ಬರುವುದಿಲ್ಲ ಎಂದರು. ಹಾಗಾದರೆ ಶಾಲೆಗೇ ಹೋಗೋಣವೆಂದು ಪತ್ರವನ್ನು ಮುಖ್ಯಾಧ್ಯಾಪಕಿಗೆ ತೋರಿಸಿದಳು. ಅವರು ಓದಿ, ಬಹಳ ಸಂತೋಷ ಎಂದು, ಕನ್ನಡಕದ ಮೇಲಿನಿಂದ ಹುಡುಗನನ್ನು ನೋಡಿದರು.

"ನಡೀ ಬಾಳಾ."

ಓಂಕಾರ ಹೊಸ್ತಿಲ ತನಕ ನಡೆದ. ಒಂದು ಕಾಲು ಎತ್ತಿದ.

ಮನೆಗೆ ಬಂದಾಗ ನೀಲಾಬಾಯಿ ಬಾಗಿಲಲ್ಲೇ ಇದ್ದರು. ಸೊಸೆಯ ಮುಖ ನೋಡಿದರು. ಬೈಯಲಿಲ್ಲ. ಮೊಮ್ಮಗನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, "ನಾ ಹೇಳಿರಲಿಲ್ಲ?" ಎಂದರು, ಮೆಲ್ಲಗೆ. ಅವರು ಹೇಳಿದ್ದು ನಿಜವಿತ್ತು. ಇಷ್ಟು ವ್ಯವಸ್ಥಿತವಾಗಿ ನೆದರು ತಾಕಿದ್ದನ್ನು ಮಿರಜ ಹಿಂದೆ ಕಂಡಿರಲಿಲ್ಲ.

ವೃಷಾಲಿ ಕೊಲ್ಹಾಪುರಕ್ಕೆ ಹೋದಳು. ಅವಳ ಖೋಲಿಯಲ್ಲಿ ಈಗ ಪಾಲಕರ ಅಭಿಪ್ರಾಯ ಮಾಪನ ವಿಭಾಗವಿದೆ, ಪೈಪುಗಳ ಮೇಲೆ ಬ್ಯಾನರು ಒಣಗಿಸುತ್ತಾರೆ. ಜೂನದಲ್ಲಿ ಶಾಲೆ ಸುರುವಾಯಿತು. ಓಂಕಾರ ಮನೆಯಲ್ಲಿದ್ದಾನೆ.